ಕಿವಿ ನೋಡಿ ಮನೆ ಹೇಳುತ್ತಿದ್ದವರು

ನಮ್ಮ ಪಾಲಿಟೆಕ್ನಿಕ್ಕಿನವರು ತೀರಿಕೊಂಡ ಮೇಷ್ಟ್ರ ನೆನಪಿಗೆಂದು ಒಂದು ಸಂಚಿಕೆ ತರುತ್ತಿದ್ದಾರೆ. ಪ್ರಿನ್ಸಿಪಾಲರು ಫೋನ್ ಮಾಡಿ, ಅಷ್ಟು ವರ್ಷ ಒಂದೇ ರೈಲಿನಲ್ಲಿ ಅವರ ಜೊತೆ ಓಡಾಡಿದವರು ನೀವು, ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಮೇಡಂ ಎಂದರು. 'ಒಳ್ಳೆಯ' ಎನ್ನುವಲ್ಲಿ ದನಿಯನ್ನು ಸ್ವಲ್ಪ ಒತ್ತಿದ್ದು ನನಗೆ ತಿಳಿಯಿತು. ನನ್ನ ನಾಲಿಗೆಯ ಪರಿಚಯ ಅವರಿಗೂ ಇದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ನಮ್ಮ ಮನೆಯಲ್ಲೂ ಹೇಳಿಕೊಟ್ಟಿದ್ದಾರೆ, ನಾನೇನು ಆಕಾಶದಿಂದ ಉದುರಿದವಳಲ್ಲ. ಆದರೆ ಒಳ್ಳೆಯದನ್ನು ಬರೆಯಲು ಕೂತರೆ ಅದರ ಬೆನ್ನಿಗೇ ಹಾಲಮ್ಮ ಬಂದು ನಿಲ್ಲುತ್ತಾಳೆ. ಅವಳನ್ನು ಬಿಟ್ಟು ಬರೆಯುವುದಾದರೆ ನಾನು ಯಾಕೆ ಬೇಕು, ಬಸ್ ಸ್ಟ್ಯಾಂಡಿನಲ್ಲಿ ಆಗಲೇ ಬ್ಯಾನರ್ ಕಟ್ಟಿದ್ದಾರಲ್ಲ, ಅದನ್ನೇ ಅಚ್ಚು ಹಾಕಿಸಿಕೊಳ್ಳಲಿ.

ನಾನು ಶಿವನಿಯಲ್ಲಿ ರೈಲು ಹತ್ತುತ್ತಿದ್ದೆ, ಅವರು ಅಜ್ಜಂಪುರದಲ್ಲಿ. ಇಬ್ಬರೂ ಇಳಿಯುತ್ತಿದ್ದದ್ದು ಬೀರೂರಿನಲ್ಲಿ. ಅವರು ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥರು, ನಾನು ಗಣಿತ ಹೇಳಿಕೊಡುವವಳು. ಬೋಗಿಗೆ ಕಾಲಿಟ್ಟವರು ಸುಮ್ಮನೆ ಹೋಗಿ ಕೂರುತ್ತಿರಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಎಲ್ಲರ ಮುಖವನ್ನೂ ಒಂದು ಸುತ್ತು ನೋಡುತ್ತಿದ್ದರು. ಓದುವುದಕ್ಕೆ, ಬೆಸುಗೆ ಹಾಕುವುದಕ್ಕೆ ಕನ್ನಡಕ ಬೇಕು, ಮನುಷ್ಯರನ್ನು ನೋಡುವುದಕ್ಕೆ ಯಾತಕ್ಕೆ ಎನ್ನುವುದು ಅವರ ವಾದ. ಆಮೇಲೆ ಯಾರಾದರೂ ಗುರುತಿಲ್ಲದವನ ಎದುರು ಕೂತು, "ಏನಪ್ಪಾ, ಯಾರ ಪೈಕಿ? ಇರು, ಹೇಳ್ಬೇಡ, ನಾನೇ ಹೇಳ್ತೀನಿ" ಎಂದು ಶುರು ಮಾಡುತ್ತಿದ್ದರು.

ನಮ್ಮ ಕಡೆ ಹೊಸಬರನ್ನು ಕಂಡರೆ ಯಾರೂ ಮೊದಲಿಗೆ ಹೆಸರು ಕೇಳುವುದಿಲ್ಲ. ಯಾವೂರು, ಯಾರ ಪೈಕಿ, ಯಾರ ಮನೆ, ಇಷ್ಟು ತಿಳಿದರೆ ಸಾಕು. ಹೆಸರು ಆಮೇಲೆ, ಅದೂ ನೆನಪಾದರೆ ಕೇಳುತ್ತಾರೆ. ಹಳ್ಳಿಗಳಲ್ಲಿ ಪ್ರತಿ ಮನೆಗೂ ಒಂದು ಹೆಸರಿದೆ. ಬಾವಿಮನೆ, ಮೇಗಲಮನೆ, ಅಂಗಡಿಮನೆ, ಕಣದಮನೆ. ಅಜ್ಜನ ಹೆಸರು ಮೊಮ್ಮಗನಿಗೆ, ಅವನ ಹೆಸರು ಇನ್ನೊಬ್ಬನಿಗೆ ಎಂದು ಒಂದೇ ಮನೆಯಲ್ಲಿ ಮೂವರು ಹಾಲಪ್ಪಂದಿರು ಇರುತ್ತಾರೆ, ಅವರನ್ನು ಹೆಸರು ಹಿಡಿದು ಹುಡುಕಿದವನು ಕೆಟ್ಟ. ಮನೆ ಹೇಳಿದರೆ ಕೂಸೂ ದಾರಿ ತೋರಿಸುತ್ತದೆ.

ಇವರು ಮನೆಯನ್ನು ಕಿವಿ ನೋಡಿ ಹೇಳುತ್ತಿದ್ದರು. ಮೂಗು ತಾಯಿಯ ಕಡೆಯಿಂದ ಬರಬಹುದು, ಬಣ್ಣ ಬಿಸಿಲಿಗೆ ಕೆಡಬಹುದು, ಕಿವಿ ಮಾತ್ರ ಮನೆ ಬಿಟ್ಟು ಹೋಗುವುದಿಲ್ಲ ಎನ್ನುತ್ತಿದ್ದರು. ಒಂದು ಸಲ ಟೈ ಕಟ್ಟಿಕೊಂಡ ಔಷಧಿ ಕಂಪನಿಯವನೊಬ್ಬನನ್ನು ಹಿಡಿದು, ನೀನು ದೇವನೂರು ಕಡೆಯವನು ಎಂದರು. ಅವನು, ನಮ್ಮದು ದಾವಣಗೆರೆ ಸಾರ್, ಈ ಕಡೆಗೆ ನಾನು ಬಂದಿರುವುದೇ ಮೊದಲು ಎಂದು ಸಿಡುಕಿದ. ಬೋಗಿಯೆಲ್ಲ ನಕ್ಕಿತು, ನಾನೂ ನಕ್ಕೆ. ಸ್ವಲ್ಪ ದಿನದ ಮೇಲೆ ಅದೇ ಮನುಷ್ಯ ಹುಡುಕಿಕೊಂಡು ಬಂದು, ಅಮ್ಮನನ್ನು ಕೇಳಿದೆ ಸಾರ್, ನಮ್ಮ ಮುತ್ತಜ್ಜ ದೇವನೂರಿನಿಂದ ಬಂದವರಂತೆ ಎಂದ. ಅವತ್ತು ಇವರ ಮುಖ ನೋಡಬೇಕಿತ್ತು. ಬೀರೂರು ಬರುವ ತನಕ ಒಳಗೊಳಗೇ ನಗುತ್ತಾ ಕೂತಿದ್ದರು.

ಪಾಠ ಹೇಳುವುದರಲ್ಲಿ ಅವರನ್ನು ಮೀರಿಸಿದವರು ನಮ್ಮಲ್ಲಿ ಇರಲಿಲ್ಲ, ಇದನ್ನು ಬೇಕಾದರೆ ಪ್ರಿನ್ಸಿಪಾಲರು ದಪ್ಪಕ್ಷರದಲ್ಲಿ ಹಾಕಿಕೊಳ್ಳಲಿ. ಸುಟ್ಟ ಬೋರ್ಡನ್ನು ಹುಡುಗರ ಮೂಗಿನ ಹತ್ತಿರ ಹಿಡಿದು, "ಮೂಸಿ ನೋಡ್ರೋ, ಮೂಗೇ ಮೊದಲ ಮೀಟರು ಕಣ್ರೋ" ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಫೇಲಾದವನ ಮನೆಗೆ ಸೈಕಲ್ ತುಳಿದು ಹೋಗಿ ಅವರಪ್ಪನ ಜೊತೆ ಊಟ ಮಾಡಿ ಬರುತ್ತಿದ್ದರು. ಬೈಯುವುದಕ್ಕೆ ಹೋಗಿದ್ದೆ, ಮುದ್ದೆ ಬಿಸಿಯಾಗಿತ್ತು, ಮರೆತುಬಂದೆ ಎಂದು ಮಾರನೆಯ ದಿನ ನಮ್ಮೆದುರು ಹೇಳಿಕೊಳ್ಳುತ್ತಿದ್ದರು.

ಕ್ಯಾಮೆರಾದ ಹುಚ್ಚು ಹತ್ತಿದ್ದು ಬೀರೂರು ಪ್ಲಾಟ್‌ಫಾರ್ಮಿನಲ್ಲಿ. ಒಂದು ಬೆಳಿಗ್ಗೆ ನಾವು ಇಳಿದಾಗ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದರು. ಊರು ಕೇಳಿದರೆ ಹೇಳಲು ಬಾರದು, ಹೆಸರು ಬಾರದು. ಮನೆಗೆ ಹೋಗಬೇಕು ಎನ್ನುವುದೊಂದೇ ಮಾತು. ರೈಲ್ವೆಯವರು ಕೇಳಿ ಕೇಳಿ ಸೋತಿದ್ದರು. ಇವರು ಆ ತಾಯಿಯ ಎದುರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕನ್ನಡಕ ತೆಗೆದು, ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಯಾರಿಗೋ ಫೋನ್ ಮಾಡಿ, ನಿಮ್ಮೂರ ಮೇಗಲಮನೆಯಲ್ಲಿ ಯಾರಾದರೂ ವಯಸ್ಸಾದವರು ಕಾಣುತ್ತಿಲ್ಲವೇ ವಿಚಾರಿಸು ಎಂದರು. ಮಧ್ಯಾಹ್ನದೊಳಗೆ ಇಬ್ಬರು ಗಂಡುಮಕ್ಕಳು ಅಳುತ್ತಾ ಬಂದು ತಾಯಿಯನ್ನು ಕರೆದುಕೊಂಡು ಹೋದರು.

ಸಂಜೆ ರೈಲಿನಲ್ಲಿ ಅವರಿಗೆ ಸಂತೋಷವೇ ಇರಲಿಲ್ಲ. ಕಿಟಕಿಯ ಆಚೆ ನೋಡುತ್ತಾ ಹೇಳಿದರು: "ಇವತ್ತು ನಾನು ರಜಾ ಹಾಕಿದ್ರೆ ಆ ಅಮ್ಮನ ಗತಿ ಏನಾಗ್ತಿತ್ತು ಮೇಡಂ? ನಾನು ಹೋದ್ಮೇಲೆ ಯಾರು ಹೇಳ್ತಾರೆ? ಇದನ್ನ ಮೆಷಿನ್‌ಗೆ ಕಲಿಸ್ಬೇಕು."

ಆ ಮಾತು ಕೇಳಿ ನನಗೆ ಅವರ ಮೇಲೆ ಎಷ್ಟು ಗೌರವ ಬಂತೆಂದರೆ, ಆ ಗೌರವವನ್ನು ಕಳೆದುಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಕಳೆದುಹೋದವರನ್ನು ಮನೆಗೆ ಮುಟ್ಟಿಸುವ ಕ್ಯಾಮೆರಾ. ಸ್ಟೇಷನ್ನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹಾಕಿದರೆ ಮುಖ ನೋಡಿ ಇಂಥ ಊರಿನ ಇಂಥ ಮನೆ ಎಂದು ಹೇಳಬೇಕು. ಇಷ್ಟೇ ಅವರ ಆಸೆ.

ಮೊದಲು ಹೊರಗಿನಿಂದ ತರಿಸಿದ ಪ್ರೋಗ್ರಾಮುಗಳನ್ನು ಹಾಕಿ ನೋಡಿದರು. ಅವಕ್ಕೆ ನಮ್ಮ ಮುಖಗಳು ಒಗ್ಗಲಿಲ್ಲ. ತಲೆಗೆ ಟವೆಲ್ ಸುತ್ತಿದ ಗಂಡಸರೆಲ್ಲ ಅದಕ್ಕೆ ಒಬ್ಬನೇ. ಸೆರಗು ಹೊದ್ದ ಹೆಂಗಸರು ಅದರ ಲೆಕ್ಕಕ್ಕೇ ಇಲ್ಲ. ಇವರೇ ಒಮ್ಮೆ ದೇವರಿಗೆ ಮುಡಿ ಕೊಟ್ಟು ಬೋಳುತಲೆಯಲ್ಲಿ ಬಂದು ಲ್ಯಾಬಿನ ಕ್ಯಾಮೆರಾದ ಮುಂದೆ ನಿಂತರೆ ಅದು ಅಪರಿಚಿತ ಎಂದಿತು. "ನೋಡ್ರೋ, ನಿಮ್ಮ ಮೇಷ್ಟ್ರು ಕಳೆದುಹೋದ" ಎಂದು ಹುಡುಗರನ್ನು ನಗಿಸಿದರು. ಆಮೇಲೆ, ನಮ್ಮ ಮುಖಗಳನ್ನು ನಾವೇ ಕಲಿಸಬೇಕು ಎಂದು ಹೊರಟರು.

ಭಾನುವಾರಗಳಂದು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅಜ್ಜಂಪುರ, ಕಡೂರು, ತರೀಕೆರೆಯ ಸುತ್ತಿನ ಹಳ್ಳಿಗಳಿಗೆ ಹೋಗುವುದು, ಒಪ್ಪಿದವರ ಫೋಟೊ ತೆಗೆಯುವುದು. ಟವೆಲ್ ಕಟ್ಟಿ ಒಂದು, ಬಿಚ್ಚಿ ಒಂದು, ಸೆರಗು ಹೊದ್ದು ಒಂದು. ಸಂಜೆ ಶಾಲೆಯ ಜಗಲಿಯಲ್ಲಿ ಮಂಡಕ್ಕಿ ಹರಡಿಕೊಂಡು, ಊರಿನ ಹಿರಿಯರಿಗೆ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಮುಖ ತೋರಿಸಿ ಇದು ಯಾರು ಎಂದು ಕೇಳುವುದು. ಯಂತ್ರಕ್ಕೆ ಪಾಠ ಎಂದರೆ ಅದೇ. ಈ ಮುಖ, ಈ ಉತ್ತರ. ಈ ಮುಖ, ಈ ಉತ್ತರ. ಹಿರಿಯರು ಏನು ಹೇಳುತ್ತಾರೆ? "ಇವ್ನಾ? ಕಣದಮನೆಯೋನು." "ಇವ್ಳು ಬಾವಿಮನೆ ಹುಡ್ಗಿ ಅಲ್ವೇನೋ?" ಹುಡುಗರು ಅದನ್ನೇ ಬರೆದುಕೊಂಡರು, ಯಂತ್ರ ಅದನ್ನೇ ಕಲಿಯಿತು. ಕಳೆದುಹೋದವರನ್ನು ಮನೆಗೆ ಸೇರಿಸಲು ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ. ನನಗೂ ಆಗ ಅದರಲ್ಲಿ ತಪ್ಪು ಕಾಣಲಿಲ್ಲ.

ಆಮೇಲೆ ಸಿದ್ದೇಶ ಬಂದ. ಬೀರೂರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟವನು, ಇವರ ಹಳೆಯ ಶಿಷ್ಯ. ಅವನಿಗೆ ಈ ಕೆಲಸ ಬಹಳ ಮೆಚ್ಚಿಗೆಯಾಯಿತು. ಆದರೆ ಕಳೆದುಹೋದವರನ್ನು ಹುಡುಕುವ ಕ್ಯಾಮೆರಾವನ್ನು ಯಾರು ಕೊಳ್ಳುತ್ತಾರೆ ಸಾರ್, ಕಳ್ಳರನ್ನು ಹಿಡಿಯುತ್ತದೆ ಎಂದು ಹೇಳಿ ನೋಡಿ, ಅಂಗಡಿಯವರು ಸಾಲು ನಿಲ್ಲುತ್ತಾರೆ ಎಂದ. ಇವರು ಸ್ವಲ್ಪ ದಿನ ಹಿಂದೆ ಮುಂದೆ ನೋಡಿದರು. ಮೊದಲು ಅಂಗಡಿ, ಆಮೇಲೆ ಸ್ಟೇಷನ್ನು ಎಂದು ನನಗೆ ಸಮಾಧಾನ ಹೇಳಿದರು. ಸ್ಟೇಷನ್ನಿನ ಸರದಿ ಕೊನೆಗೂ ಬರಲಿಲ್ಲ.

ಅಂಗಡಿಗಳವರು ನಿಜಕ್ಕೂ ಸಾಲು ನಿಂತರು. ಕಡೂರಿನ ಸೀರೆ ಅಂಗಡಿ, ತರೀಕೆರೆಯ ಚಿನ್ನದಂಗಡಿ, ಬೀರೂರು ಅಜ್ಜಂಪುರದ ದಿನಸಿ, ಮೆಡಿಕಲ್ ಸ್ಟೋರು. ಎಲ್ಲಕ್ಕೂ ಸೇರಿ ಒಂದೇ ಪಟ್ಟಿ. ಯಾವುದಾದರೂ ಅಂಗಡಿಯವನು ಒಂದು ಮುಖಕ್ಕೆ ಕೆಂಪು ಗುರುತು ಹಾಕಿದನೋ, ಆ ಮುಖ ಬೇರೆ ಯಾವ ಅಂಗಡಿಯ ಬಾಗಿಲಿಗೆ ಬಂದರೂ ಕ್ಯಾಮೆರಾ ಕೀಂ ಕೀಂ ಎಂದು ಕೂಗುತ್ತಿತ್ತು. ಗುರುತು ಹಾಕುವುದು ಯಾರಿಂದಲೂ ಆಗುತ್ತಿತ್ತು. ಅಳಿಸುವುದು ಇವರೊಬ್ಬರ ಕೈಯಲ್ಲಿ. ಅಂಗಡಿಯವರ ಕೈಗೆ ಕೊಟ್ಟರೆ ನೆಂಟರಿಷ್ಟರನ್ನೆಲ್ಲ ಅಳಿಸಿಕೊಂಡು ಕೂರುತ್ತಾರೆ ಎಂದು ಹಾಗೆ ಮಾಡಿದ್ದರು. ಆ ಹೊತ್ತಿಗೆ ರೈಲಿನಲ್ಲಿ ಯಾರ ಪೈಕಿ ಎಂದು ಕೇಳುವುದೂ ನಿಂತಿತ್ತು. ಇವರು ಹತ್ತಿದವರೇ ಫೋನ್ ತೆಗೆದು, ಯಾವ ಅಂಗಡಿಯಲ್ಲಿ ಯಾರು ಬಂದರು ಎಂದು ನೋಡುತ್ತಾ ಕೂರುತ್ತಿದ್ದರು. ಎದುರು ಕೂತವರು ಯಾರು ಎಂಬ ಕಡೆ ಗಮನವಿರಲಿಲ್ಲ.

ಹಾಲಮ್ಮ ನಮ್ಮ ಕಾಲೇಜಿನ ಆಯಾ. ಅಜ್ಜಂಪುರದ ಪಕ್ಕದ ಹಳ್ಳಿಯ ಕಣದಮನೆಯವಳು, ಗಂಡ ತೀರಿಕೊಂಡ ಮೇಲೆ ತವರಿನಲ್ಲೇ ಇದ್ದು ಮಗಳನ್ನು ಸಾಕಿದವಳು. ಸ್ಟಾಫ್ ರೂಮಿಗೆ ಟೀ ತರುವಾಗ ನನ್ನ ಲೋಟದಲ್ಲಿ ಸಕ್ಕರೆ ಕಡಿಮೆ, ಇವರದರಲ್ಲಿ ಜಾಸ್ತಿ, ಹೇಳಿಸಿಕೊಳ್ಳದೆ ನೆನಪಿಟ್ಟುಕೊಂಡು ತರುತ್ತಿದ್ದಳು. ಫೋಟೊ ತೆಗೆಯುವ ಭಾನುವಾರ ಇಡೀ ತಂಡಕ್ಕೆ ರೊಟ್ಟಿ ತಟ್ಟಿ ಹಾಕಿದವಳು ಅವಳೇ. ಊರಿನ ಹೆಂಗಸರು ಕ್ಯಾಮೆರಾಕ್ಕೆ ನಾಚಿ ಒಳಗೆ ಸೇರಿಕೊಂಡಾಗ ಮೊದಲು ಬಂದು ನಿಂತವಳೂ ಅವಳೇ. ನಮ್ಮ ಮೇಷ್ಟ್ರ ಮೆಷಿನ್ನು, ಬನ್ರೇ ಎಂದು ಉಳಿದವರನ್ನು ಎಳೆದು ತಂದಳು. ಕಾಲೇಜಿನವರ ಮುಖಗಳನ್ನು ಪರೀಕ್ಷೆಗೆಂದು ಹೆಸರು ಸಮೇತ ಯಂತ್ರಕ್ಕೆ ಸೇರಿಸಿದಾಗ ಅವಳದೂ ಸೇರಿತು.

ತರೀಕೆರೆಯ ಚಿನ್ನದಂಗಡಿಯಲ್ಲಿ ಒಂದು ಜೊತೆ ಜುಮುಕಿ ಕಳುವಾಯಿತು. ಸೆರಗು ಹೊದ್ದ ಒಬ್ಬ ಹೆಂಗಸು ಬಂದು, ನೋಡಿದ ಹಾಗೆ ಮಾಡಿ, ಎತ್ತಿಕೊಂಡು ಹೋಗಿದ್ದಳು. ಯಂತ್ರವನ್ನು ಕೇಳಿದರು. ಅದು ಹಾಲಮ್ಮನ ಹೆಸರು ಹೇಳಿತು.

ಪೊಲೀಸರು ಕಾಲೇಜಿಗೇ ಬಂದು ಕರೆದೊಯ್ದರು. ಕಳುವಾದ ದಿನ ಭಾನುವಾರ. ಅವಳು ಊರಿನಲ್ಲೇ ಹುರುಳಿ ಬಡಿಯುತ್ತಿದ್ದುದನ್ನು ಕಂಡವರು ಒಂದು ಕೇರಿಯಷ್ಟು ಜನ. ಅವರೆಲ್ಲ ಟೆಂಪೋ ಮಾಡಿಕೊಂಡು ಹೋಗಿ ಹೇಳಿದ ಮೇಲೆ ಸಂಜೆ ಬಿಟ್ಟು ಕಳಿಸಿದರು. ಪೊಲೀಸರ ಮಟ್ಟಿಗೆ ಅದು ಅಲ್ಲಿಗೆ ಮುಗಿಯಿತು. ಅಂಗಡಿಗಳ ಪಟ್ಟಿಯಲ್ಲಿ ಮುಗಿಯಲಿಲ್ಲ. ಪೊಲೀಸರು ಬಿಟ್ಟರು ಎಂದ ಮಾತ್ರಕ್ಕೆ ಕಳ್ಳಿಯಲ್ಲ ಎಂದೇನು, ಬೆಂಕಿ ಇಲ್ಲದೆ ಹೊಗೆ ಆಡುತ್ತದೆಯೇ ಎಂದು ಚಿನ್ನದಂಗಡಿಯವನು ಗುರುತು ಹಾಕಿಯೇ ಬಿಟ್ಟ.

ಅವಳು ದಿನಸಿ ಅಂಗಡಿಗೆ ಹೋದರೆ ಕೀಂ ಕೀಂ. ಮೆಡಿಕಲ್ ಸ್ಟೋರಿಗೆ ಹೋದರೆ ಕೀಂ ಕೀಂ. ಕೊನೆಗೆ ಸಾಮಾನನ್ನು ಮಗಳ ಕೈಯಲ್ಲೇ ತರಿಸತೊಡಗಿದಳು. ಮಗಳದು ಅಪ್ಪನ ಕಡೆಯ ಮುಖ, ಅವಳನ್ನು ಕಂಡು ಅದು ಕೂಗುತ್ತಿರಲಿಲ್ಲ, ಹೇಗೋ ನಡೆಯುತ್ತಿತ್ತು. ಅಷ್ಟರಲ್ಲಿ ಆ ಮಗಳಿಗೆ ಕಡೂರು ಕಡೆಯ ಸಂಬಂಧ ಕೂಡಿಬಂತು. ಧಾರೆ ಸೀರೆ ತೆಗೆಯಲು ಬೀಗರ ಕಡೆಯ ಹೆಂಗಸರು ಇವಳನ್ನೂ ಬಾ ಎಂದರು. ಬರುವುದಿಲ್ಲ ಎನ್ನಲು ಆಗುತ್ತದೆಯೇ? ಮುಂದೆ ಬೀಗಿತ್ತಿ, ಹಿಂದೆ ಇವಳು. ಸೀರೆ ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಕ್ಯಾಮೆರಾ ಕೂಗಿಕೊಂಡಿತು. ಅಂಗಡಿಯವನು ಬಂದು, ಅಮ್ಮಾ ನೀವು ಸ್ವಲ್ಪ ಈ ಕಡೆ ಬನ್ನಿ ಎಂದು ಇವಳೊಬ್ಬಳನ್ನು ಮೂಲೆಗೆ ಕರೆದು ಕೈಚೀಲ ಬಿಚ್ಚಿಸಿದ. ಚೀಲದಲ್ಲಿ ಇದ್ದದ್ದು ಎಲೆ ಅಡಿಕೆ ಮತ್ತು ಬೀಗಿತ್ತಿಗೆಂದು ಕಟ್ಟಿಕೊಂಡು ಹೋಗಿದ್ದ ಮಲ್ಲಿಗೆ ಹೂವು.

ಮಾರನೆಯ ದಿನ ಟೀ ತಂದವಳು ತಟ್ಟೆಯನ್ನು ಮೇಜಿನ ಮೇಲಿಟ್ಟು ಅವರೆದುರು ನಿಂತುಕೊಂಡಳು. ನಾನು ಪಕ್ಕದಲ್ಲೇ ಇದ್ದೆ.

"ಮೇಷ್ಟ್ರೇ, ನನ್ನ ಮುಖ ಅದ್ರಿಂದ ತೆಗ್ದುಬಿಡಿ. ನಂಗೇನಾದ್ರೂ ಆಗ್ಲಿ. ಮದ್ವೆ ನಿಂತೋದ್ರೆ ಆ ಮಗಿನ ಗತಿ ಏನು?"

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಬಹಳ ದಿನದ ಮೇಲೆ ಹಾಗೆ ನೋಡಿದ್ದು. "ನೀನಲ್ಲ ಅಂತ ನಂಗೆ ಗೊತ್ತು ಕಣೇ ಹಾಲಮ್ಮ. ಆ ವಿಡಿಯೋದಲ್ಲಿರೋಳ ಕಿವೀನೇ ಬೇರೆ. ಮನೆ ನಿಮ್ದೇ, ಆಳು ನೀನಲ್ಲ. ಮಾಡ್ತೀನಿ, ಹೋಗು" ಎಂದರು.

ಅವಳು ಕೈಮುಗಿದು ಹೋದಳು. ನನಗೆ ಮೈಯೆಲ್ಲ ಉರಿಯಿತು. ಗೊತ್ತಿದ್ದೂ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಿರಾ ಎಂದು ಕೇಳಿದೆ. ಆಗ ಅವರು ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ತೋರಿಸಿದರು. ಕಣದಮನೆಯ ಯಾವ ಹೆಣ್ಣುಮಗಳ ಮುಖ ಕೊಟ್ಟರೂ ಯಂತ್ರ ಹಾಲಮ್ಮ ಎನ್ನುತ್ತಿತ್ತು. ಅದು ಕಲಿತಿದ್ದು ಮನೆಗಳನ್ನು, ಆಳುಗಳನ್ನಲ್ಲ. ಜಗಲಿಯ ಮೇಲೆ ಹಿರಿಯರು ಹೇಳಿಕೊಟ್ಟದ್ದೇ ಅಷ್ಟು. ಆ ಮನೆಯಿಂದ ಹೆಸರು ಹಿಡಿದು ಪಟ್ಟಿಗೆ ಸೇರಿದ್ದವಳು ಇವಳೊಬ್ಬಳೇ, ಹಾಗಾಗಿ ಕಣದಮನೆ ಎಂದು ಕಂಡಾಗಲೆಲ್ಲ ಇವಳ ಹೆಸರು ಬರುತ್ತಿತ್ತು. ಆ ಮನೆಯ ಹೆಣ್ಣುಮಕ್ಕಳನ್ನು ಮೂರು ತಾಲ್ಲೂಕಿಗೂ ಕೊಟ್ಟಿದ್ದಾರೆ. ಜುಮುಕಿ ಕದ್ದವಳು ಅವರಲ್ಲಿ ಯಾರೋ, ದೇವರಿಗೇ ಗೊತ್ತು.

ಹಾಗಾದರೆ ಇವತ್ತೇ ಅಂಗಡಿಯವರನ್ನು ಕರೆದು, ಯಂತ್ರ ತಪ್ಪು ಹೇಳಿದೆ ಎಂದು ಹೇಳಿಬಿಡಿ ಎಂದೆ. ಅವರು ಮಾತನ್ನು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಆಡತೊಡಗಿದರು. ನೋಡೋಣ, ಸಮಯ ನೋಡಿ ಹೇಳಬೇಕು, ಸಿದ್ದೇಶನನ್ನೂ ಒಂದು ಮಾತು ಕೇಳಬೇಕು. ಕೊನೆಗೆ ನಿಜ ಹೊರಗೆ ಬಂತು. ಬೆಂಗಳೂರಿನ ಒಂದು ದೊಡ್ಡ ಕಂಪನಿಯವರು ಯಂತ್ರವನ್ನು ನೋಡಲು ಬರುವವರಿದ್ದರು.

"ಒಂದು ತಪ್ಪು ಅಂತ ಒಪ್ಕೊಂಡ್ರೆ ಎಲ್ಲಾನೂ ತಪ್ಪು ಅಂತಾರೆ ಮೇಡಂ. ನನ್ನ ಇಷ್ಟು ವರ್ಷದ್ದು ಮಣ್ಣಾಗುತ್ತೆ. ಅವರು ಬಂದು ನೋಡ್ಕೊಂಡು ಹೋಗ್ಲಿ, ಆಮೇಲೆ ಎಲ್ಲಾ ಸರಿ ಮಾಡ್ತೀನಿ."

"ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋದು ಅಂದ್ರೆ ಇದೇ ಸಾರ್," ಎಂದೆ.

ಅವತ್ತಿನಿಂದ ಅವರು ಬೇರೆ ಬೋಗಿ ಹತ್ತತೊಡಗಿದರು. ನಾನೂ ಹುಡುಕಿಕೊಂಡು ಹೋಗಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಾಲೇಜಿಗೆ ಒಳ್ಳೆಯ ಹೆಸರು ಬರುವ ಹೊತ್ತಿನಲ್ಲಿ ಕಲ್ಲು ಹಾಕಬೇಡಿ ಮೇಡಂ ಎಂದರು. ಸೀರೆ ಅಂಗಡಿಯವನಿಗೆ ಹೇಳಿದೆ. ಮೆಷಿನ್ನಿಗಿಂತ ನಿಮಗೆ ಗೊತ್ತಾ ಅಮ್ಮಾ ಎಂದ. ನಲವತ್ತು ಹುಡುಗರಿಗೆ ದಿನಾ ಲೆಕ್ಕ ಹೇಳಿಕೊಡುವ ನಾನು, ಒಂದು ಲೆಕ್ಕ ತಪ್ಪಾಗಿದೆ ಎಂದು ಬೀದಿಯಲ್ಲಿ ಒಬ್ಬರಿಗೂ ಒಪ್ಪಿಸಲಾರದೆ ಹೋದೆ.

ಕಂಪನಿಯವರು ಬಂದರು, ನೋಡಿದರು, ಮೆಚ್ಚಿದರು. ಶಾಲು, ಹಾರ, ಪೇಪರಿನಲ್ಲಿ ಫೋಟೊ. ಗ್ರಾಮೀಣ ಪ್ರತಿಭೆ ಎಂದು ಬರೆದರು. ಅದಾದ ಸ್ವಲ್ಪ ದಿನಕ್ಕೆ ಅವರು ಮತ್ತೆ ನನ್ನ ಬೋಗಿಗೆ ಬಂದು ಎದುರು ಕೂತರು. ಕಣ್ಣು ಕಿಟಕಿಯ ಕಡೆಗಿತ್ತು. "ಹಾಲಮ್ಮನ ವಿಷಯ ಮುಗೀತು ಮೇಡಂ. ಇನ್ನು ಯಾವ ಅಂಗಡೀಲೂ ಕೂಗಲ್ಲ" ಎಂದರು. ನನಗೆ ಎದೆಯಿಂದ ಕಲ್ಲು ಇಳಿಸಿದಂತಾಯಿತು. ನಾನು ಅವತ್ತು ಆಡಿದ ಮಾತು ಜಾಸ್ತಿಯಾಯಿತು ಸಾರ್ ಎಂದೂ ಹೇಳಿದೆ. ಅವರು ಪರವಾಗಿಲ್ಲ ಬಿಡಿ ಎಂದರು.

ಹಾಲಮ್ಮ ಮೊದಲು ದಿನಸಿ ಅಂಗಡಿಯ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತು ನೋಡಿದಳಂತೆ. ಕೂಗಲಿಲ್ಲ. ಇನ್ನೊಂದು ಕಾಲಿಟ್ಟಳು, ಆಗಲೂ ಇಲ್ಲ. ಆಮೇಲೆ ಬೇಕಿಲ್ಲದಿದ್ದರೂ ಮೆಡಿಕಲ್ ಸ್ಟೋರಿಗೆ ಹೋಗಿ ಅಮೃತಾಂಜನ ಕೊಂಡು ಬಂದಳು. ಇದನ್ನೆಲ್ಲ ನಮಗೆ ಅಭಿನಯ ಮಾಡಿ ತೋರಿಸಿದಳು, ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು ನೋಡಿದೆ. ಮಾರನೆಯ ದಿನ ಅವರಿಗೆಂದು ಡಬ್ಬಿಯ ತುಂಬ ಕೊಬ್ಬರಿ ಮಿಠಾಯಿ ಮಾಡಿ ತಂದಳು. ಅವರು ತೆಗೆದುಕೊಂಡರು. ನಮ್ಮೆಲ್ಲರಿಗೂ ಹಂಚಿ, ತಾವೂ ಎರಡು ತಿಂದರು. ಅದನ್ನು ನಾನು ಈ ಕಣ್ಣಾರೆ ಕಂಡಿದ್ದೇನೆ.

ಒಂದು ಮಾತನ್ನು ಅವಳು ಆಗಾಗ ಹೇಳುತ್ತಿದ್ದಳು. ಅಂಗಡಿಯ ಹುಡುಗರು ಈಗಲೂ ತನ್ನ ಹಿಂದೆ ಹಿಂದೆಯೇ ಬರುತ್ತಾರೆ, ಸಾಲಿನಿಂದ ಸಾಲಿಗೆ ಕಣ್ಣು ಬಿಡುವುದಿಲ್ಲ ಎಂದು. ಅವರಿಗೆ ಅಭ್ಯಾಸವಾಗಿಬಿಟ್ಟಿದೆ, ಹೋಗುತ್ತದೆ ಬಿಡು ಎಂದು ನಾನು ಹೇಳುತ್ತಿದ್ದೆ. ಮಗಳ ಮದುವೆ ನಡೆಯಿತು. ಮಾತು ಮುರಿಯಲಿಲ್ಲ. ಆದರೆ ಛತ್ರದಲ್ಲಿ ಬೀಗರು ಒಡವೆಯ ಪೆಟ್ಟಿಗೆಯನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿಕೊಂಡರು. ಮದುಮಗಳಿಗೆ ಸರ ಹಾಕುವಾಗ ತಾಯಿಯನ್ನು ಹೊರಗೆ ಊಟದ ಪಂಕ್ತಿ ನೋಡಿಕೊಳ್ಳಲು ಕಳಿಸಿದರು. ಹಾಲಮ್ಮ ಪಂಕ್ತಿಯಲ್ಲಿ ನನ್ನ ಎಲೆಗೆ ಪಾಯಸ ಬಡಿಸುತ್ತಾ, ಎಲ್ಲಾ ಚೆನ್ನಾಗಾಯ್ತು ಮೇಡಮ್ಮೋರೇ ಎಂದಳು.

ಅವರು ಹೋದದ್ದು ಹೃದಯಾಘಾತದಿಂದ, ಬೆಳಿಗ್ಗೆ ಸ್ನಾನದ ಮನೆಯಲ್ಲಿ. ಕಾಲೇಜಿಗೆ ರಜಾ ಕೊಟ್ಟರು. ನಾನು ಅಜ್ಜಂಪುರದಲ್ಲಿ ಇಳಿಯುವ ಹೊತ್ತಿಗೆ ಹಾಲಮ್ಮ ಸ್ಟೇಷನ್ನಿನ ಹೊರಗೆ ನಿಂತಿದ್ದಳು, ಕೈಯಲ್ಲಿ ಸೇವಂತಿಗೆ ಹಾರ. ಒಬ್ಬಳೇ ಹೋಗಲು ಅಳು ಬರುತ್ತದೆ ಎಂದಳು. ದಾರಿಯುದ್ದಕ್ಕೂ ಅವರು ಮಾಡಿದ ಉಪಕಾರವನ್ನೇ ಹೇಳಿಕೊಂಡು ಅತ್ತಳು. ನನ್ನ ಮಾನ ಉಳಿಸಿದ ಪುಣ್ಯಾತ್ಮ ಎಂದಳು.

ಮನೆಯ ಮುಂದೆ ಶಾಮಿಯಾನ, ಜನ ಜಾತ್ರೆ. ಜಗಲಿಯ ಮೇಲೆ ಅವರನ್ನು ಮಲಗಿಸಿದ್ದರು. ನಾನು ಗೇಟು ದಾಟಿದೆ. ನನ್ನ ಹಿಂದೆ ಹಾಲಮ್ಮ ದಾಟಿದಳು. ಗೇಟಿನ ಕಂಬದ ಮೇಲೆ ಅವರೇ ಹಾಕಿಕೊಂಡಿದ್ದ ಕ್ಯಾಮೆರಾ ಕೀಂ ಕೀಂ ಎಂದು ಕೂಗತೊಡಗಿತು.

ಅಳುತ್ತಿದ್ದವರೆಲ್ಲ ನಿಲ್ಲಿಸಿ ತಿರುಗಿ ನೋಡಿದರು. ಸಿದ್ದೇಶ ಒಳಗಿನಿಂದ ಓಡಿ ಬಂದು ವೈರು ಕಿತ್ತ. ಜನರೆದುರು ಅವನಿಗೆ ನಾಚಿಕೆಯಾಗಿತ್ತು, ಆ ನಾಚಿಕೆಯಲ್ಲೇ ಬಾಯಿ ಬಿಟ್ಟ. "ಸಾರ್ ಅಂಗಡೀಗಳಲ್ಲೆಲ್ಲ ಸೌಂಡ್ ತೆಗ್ಸಿ, ಬರೀ ಓನರ್ ಫೋನಿಗೆ ಬರೋ ಹಂಗೆ ಮಾಡಿದ್ರು ಮೇಡಂ. ಮನೇದನ್ನ ಮರ್ತುಬಿಟ್ಟಿದಾರೆ ನೋಡಿ."

ಹಾಲಮ್ಮ ಹಾರ ಹಿಡಿದುಕೊಂಡು ನಿಂತೇ ಇದ್ದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು, ನನಗೂ ಬೇಕಾಯಿತು. ಅವರು ಅಳಿಸಿದ್ದು ಬರೀ ಸದ್ದನ್ನು. ಅವಳು ಹೊಸ್ತಿಲ ಮೇಲೆ ಕಾಲಿಟ್ಟು ಪರೀಕ್ಷೆ ಮಾಡಿದ ದಿನವೂ, ಅಮೃತಾಂಜನ ಕೊಂಡ ದಿನವೂ, ಗಲ್ಲಾದ ಮೇಲೆ ಕೂತವನ ಫೋನಿನಲ್ಲಿ ಅವಳ ಮುಖ ಕೆಂಪಗೆ ಮೂಡುತ್ತಲೇ ಇತ್ತು.

ನಾನು ಸಿದ್ದೇಶನ ತೋಳು ಹಿಡಿದೆ. "ಈಗ್ಲೇ ಅಳಿಸು. ಇಲ್ಲೇ, ನನ್ನೆದುರಿಗೆ" ಎಂದೆ.

"ಅಳ್ಸೋ ಪಾಸ್‌ವರ್ಡ್ ಸಾರ್‌ಗೆ ಒಬ್ರಿಗೇ ಗೊತ್ತಿತ್ತು ಮೇಡಂ" ಎಂದ ಅವನು. "ನಮ್ ಹತ್ರ ಇರೋದು ಸೇರ್ಸೋದು ಮಾತ್ರ."

ಮೂವರೂ ಜಗಲಿಯ ಕಡೆ ನೋಡಿದೆವು. ಅವರ ಹೆಂಡತಿ ಕಣ್ಣೊರೆಸಿಕೊಂಡು ಎದ್ದು ಬಂದು, ಬಾ ಹಾಲಮ್ಮ, ಒಳಗೆ ಬಾ ಎಂದು ಕರೆದರು. ಪಾಪ, ಆ ತಾಯಿಗೆ ಏನು ಗೊತ್ತು.

"ಹಂಗಾರೆ ನಾನು ಸಾಯೋಗಂಟ ಕಳ್ಳೀನೇ ಅನ್ನಿ" ಎಂದಳು ಹಾಲಮ್ಮ. ಯಾರನ್ನೂ ನೋಡಿ ಹೇಳಿದ್ದಲ್ಲ. ಹಾರವನ್ನು ನನ್ನ ಕೈಗಿಟ್ಟು, ಇದನ್ನು ನೀವೇ ಹಾಕಿಬಿಡಿ ಮೇಡಮ್ಮೋರೇ ಎಂದು ಸೆರಗನ್ನು ತಲೆಯ ತುಂಬ ಎಳೆದುಕೊಂಡು ಹೊರಟಳು.

ನಾನು ಹಾಕಲಿಲ್ಲ. ಗೇಟಿನ ಕಂಬದ ಮೇಲಿಟ್ಟು ಅವಳ ಹಿಂದೆಯೇ ಬಸ್ ಸ್ಟ್ಯಾಂಡಿಗೆ ನಡೆದೆ.